ಒಂದು ಬೆರಳು ರಾಗಿ

ಕುದೇರು
8-2-1998

ಭಾನು ಅಪ್ಪನವರಿಗೆ ಗುರುಮಲ್ಲಮ್ಮ ಮಾಡುವ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ಮೈಸೂರಿನ ಡಾಕ್ಟರು ಭಾನುವಿಗೆ ಇರುವುದು ಆಟಿಸಂ ಎಂದು ಹೇಳಿದ ದಿನ, ಒಬ್ಬರು ನಮ್ಮ ವಿಳಾಸ ಬರೆದುಕೊಂಡಿದ್ದರಲ್ಲ, ಅವರ ಹೆಸರು ರಂಜಿನಿ ಮೇಡಂ. ಮೊನ್ನೆ ಶುಕ್ರವಾರ ಚಾಮರಾಜನಗರದಿಂದ ಬಸ್ಸಿನಲ್ಲಿ ಮನೆಗೆ ಬಂದರು. ಏನೋ ಅಳೆಯಬೇಕು ಎಂದರು. ಅತ್ತೆ ಕೂಡಲೇ ಭಾನುವಿನ ತಲೆ ಬಾಚಿ ಗೋಡೆಗೆ ಒರಗಿಸಿ ನಿಲ್ಲಿಸಿದರು. ಎತ್ತರ ಅಳೆಯುತ್ತಾರೆ ಎಂದುಕೊಂಡಿದ್ದರು.

ಮೇಡಂ ನಕ್ಕು, "ಅಜ್ಜಿ, ನಾನು ಮಗೂನ ಅಳೆಯೋಕೆ ಬಂದಿಲ್ಲ. ಮಗು ಬಗ್ಗೆ ಅಪ್ಪ ಅಮ್ಮನಿಗೆ ಏನನ್ನಿಸುತ್ತೆ ಅನ್ನೋದನ್ನ ಅಳೀಬೇಕು" ಎಂದರು.

ಒಂದರಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದರು. ಮನಸ್ಸಿನಲ್ಲಿ ಇರುವುದಕ್ಕೆ ನಂಬರು ಹಾಕುವುದು ನನಗೆ ಬರಲಿಲ್ಲ. ಆಗ ಅವರು ಚೀಲದಿಂದ ಗಾಜಿನ ಲೋಟಗಳನ್ನು ತೆಗೆದು ಸಾಲಾಗಿ ಇಟ್ಟರು. ಮೊರದಲ್ಲಿ ನಮ್ಮ ಮನೆಯ ರಾಗಿಯನ್ನೇ ತರಿಸಿದರು. ಒಂದು ಪ್ರಶ್ನೆಗೆ ಒಂದು ಲೋಟ. ಮನಸ್ಸಿನಲ್ಲಿ ಎಷ್ಟಿದೆಯೋ ಅಷ್ಟು ರಾಗಿ ಸುರಿಯಬೇಕು. ಏನೂ ಇಲ್ಲ ಎನಿಸಿದರೆ ಖಾಲಿ ಬಿಡಬೇಕು. ಸುರಿದ ಮೇಲೆ ಲೋಟದ ಪಕ್ಕ ಕಾಗದದ ಪಟ್ಟಿ ಹಿಡಿದು, ರಾಗಿ ಎಲ್ಲಿಗೆ ನಿಂತಿದೆಯೋ ಅಲ್ಲಿ ಗೆರೆ ಎಳೆಯುತ್ತಾರೆ.

ಯಾವುದಕ್ಕೆ ಎಷ್ಟು ಹಾಕಿದೆ ಎಂದು ಬರೆಯುವ ಹಾಗಿಲ್ಲ. ನಿಮ್ಮ ಹತ್ತಿರವೂ ಬರುತ್ತಾರಂತೆ. ಅಲ್ಲಿಯವರೆಗೆ ಇಬ್ಬರೂ ಮಾತಾಡಿಕೊಳ್ಳಬಾರದು ಎಂದು ಹೇಳಿ ಹೋಗಿದ್ದಾರೆ.

ಅವರು ಹೋದ ಮೇಲೆ ಅತ್ತೆ, "ಮಗೀನ ಮುಟ್ಟೂ ನೋಡ್ನಿಲ್ಲ, ನಿನ್ನ ಅಳ್ಕಂಡು ಓದ್ಲು ಕಣಮ್ಮಿ" ಎಂದು ಸಂಜೆಯವರೆಗೂ ಅಂದರು.

ಭಾನು ಎಂದಿನಂತೆ ಇದ್ದಾಳೆ.

ಗುರುಮಲ್ಲಮ್ಮ


ಬಂಡೀಪುರ
17-2-1998

ಗುರುಮಲ್ಲಿಗೆ ಶಾಂತರಾಜು ತಿಳಿಸುವುದು.

ನಿನ್ನ ಕಾಗದ ತಲುಪಿತು. ಇಲ್ಲಿ ಬೆಂಕಿ ಕಾಲ ಶುರುವಾಗಿದೆ. ಕಾಡಿಗೆ ಬೆಂಕಿ ಹರಡದ ಹಾಗೆ ದಾರಿಯ ಎರಡೂ ಕಡೆ ಹುಲ್ಲು ಸವರಿ ಸುಡುತ್ತಿದ್ದೇವೆ. ಮಳೆ ಬೀಳುವವರೆಗೆ ನಮ್ಮಂಥ ಕಾಡಿನ ವಾಚರುಗಳಿಗೆ ರಜೆ ಇಲ್ಲ. ಶಿವರಾತ್ರಿಗೂ ಬರುವುದಕ್ಕೆ ಆಗುವುದಿಲ್ಲ ಎಂದು ಅವ್ವನಿಗೆ ಹೇಳು.

ಒಂದು ವಿಷಯ ಬರೆಯಬೇಕು. ಹೋದ ತಿಂಗಳು ರೇಂಜರ್ ಸಾಹೇಬರ ಜೀಪಿನಲ್ಲಿ ಮೈಸೂರಿಗೆ ಹೋಗಿದ್ದೆ. ಇಂಥ ಮಕ್ಕಳಿಗೆಂದೇ ಅಲ್ಲಿ ಒಂದು ಹಾಸ್ಟೆಲ್ ಇದೆ. ಒಳಗೆ ಹೋಗಿ ನೋಡಿ ಬಂದೆ. ಚೊಕ್ಕವಾಗಿದೆ. ಎತ್ತರದ ಗೇಟು ಇದೆ, ಯಾವ ಮಗುವೂ ರಸ್ತೆಗೆ ಓಡುವುದಿಲ್ಲ. ಜೂನ್ ತಿಂಗಳಿಗೆ ಭಾನುವನ್ನು ಸೇರಿಸಿಕೊಳ್ಳುತ್ತೇವೆ, ಏಪ್ರಿಲ್ ಮುಗಿಯುವುದರೊಳಗೆ ಒಪ್ಪಿಗೆ ಬರೆದು ಕಳಿಸಿ ಎಂದರು. ವರ್ಷಕ್ಕೆ ಎರಡು ಸಲ ಮನೆಗೆ ಕಳಿಸುತ್ತಾರೆ.

ಈ ಮಾತು ಎತ್ತಿದರೆ ನೀನು ಅಡುಗೆಮನೆಗೆ ಹೋಗುತ್ತೀಯ, ನಾನು ಬಸ್ಸಿಗೆ ಹೋಗುತ್ತೇನೆ. ಅದಕ್ಕೆ ಬರೆದಿದ್ದೇನೆ. ಅವಳು ಕಲಿಯುತ್ತಾಳೆ ಎಂಬ ನಂಬಿಕೆ ನಿನಗೆ ಎಷ್ಟಿದೆ ಎಂದು ನಾನು ಕೇಳಿದರೆ ನೀನು ಹೇಳುವುದಿಲ್ಲ. ಮೇಡಮ್ಮಿಗೆ ತೋರಿಸಿರುತ್ತೀಯ. ನಿನ್ನ ಮನಸ್ಸಿನಲ್ಲಿ ಏನಿದೆಯೋ ಅದೇ ಆಗಲಿ.

ಶಾಂತರಾಜು


ಕುದೇರು
1-3-1998

ಭಾನು ಅಪ್ಪನವರಿಗೆ ನಮಸ್ಕಾರಗಳು.

ಕಾಗದ ಓದಿದೆ. ಅತ್ತೆಗೆ ಮಂಡಿನೋವು ಕಡಿಮೆಯಾಗಿದೆ. ಭಾನು ಮತ್ತೆ ಲೋಟಗಳ ಆಟಕ್ಕೆ ಬಿದ್ದಿದ್ದಾಳೆ. ಎರಡು ಲೋಟದಲ್ಲಿ ನೀರು ಹೆಚ್ಚು ಕಡಿಮೆ ಇದ್ದರೆ ಬಿಡುವುದಿಲ್ಲ. ಒಂದರಿಂದ ಒಂದಕ್ಕೆ ಸುರಿದು ಸಮ ಮಾಡಿ, ಎರಡನ್ನೂ ಅಂಟಿಸಿ ಇಡುತ್ತಾಳೆ. ಮನೆಗೆ ಬಂದ ನೆರೆಯ ದೊಡ್ಡಬೀರಯ್ಯನವರ ಕೈಯಿಂದಲೂ ಲೋಟ ಕಿತ್ತುಕೊಂಡು, ಅತ್ತೆಯ ಲೋಟದ ಜೊತೆ ಸಮ ಮಾಡಿದಳು. ಅವರ ಪಂಚೆ ನೆನೆಯಿತು. "ನಂಗೂ ನಿಂಗೂ ಸಮನಾಗಿ ಕೊಟ್ಟವ್ಳೆ ಬುಡವ್ವ" ಎಂದು ಅವರು ಅತ್ತೆಯ ಕಡೆ ನೋಡಿ ನಕ್ಕರು. ಅತ್ತೆ ನಗಲಿಲ್ಲ.

ಹಾಸ್ಟೆಲ್ ವಿಷಯ ಅತ್ತೆಗೆ ಹೇಳಿಲ್ಲ.

ಬಿಸಿಲಲ್ಲಿ ಹುಷಾರಾಗಿರಿ.

ಗುರುಮಲ್ಲಮ್ಮ


ಬಂಡೀಪುರ
22-3-1998

ಗುರುಮಲ್ಲಿಗೆ,

ಮೇಡಂ ಗುರುವಾರ ಬಂದಿದ್ದರು. ಹಿಂದಿನ ದಿನ ಗೋಪಾಲಸ್ವಾಮಿ ಬೆಟ್ಟದ ಕೆಳಗೆ ಹೊಗೆ ಕಂಡು, ಹಸಿ ಸೊಪ್ಪು ಹಿಡಿದು ಬಡಿದು ಬಡಿದು ಆರಿಸಿ ಬಂದಿದ್ದೆವು. ಮುಖ ತೊಳೆದರೂ ಮಸಿ ಹೋಗಿರಲಿಲ್ಲ. ಕ್ವಾರ್ಟರ್ಸ್ ಮುಂದೆ ಚಾಪೆ ಹಾಸಿ ಕೂರಿಸಿದೆ.

ಅದೇ ಲೋಟಗಳು. ರಾಗಿ ಮಾತ್ರ ನನ್ನ ಡಬ್ಬದ್ದು. ಮೊದಲನೆಯ ಲೋಟಕ್ಕೆ ಸುರಿಯುವಾಗ ಅಭ್ಯಾಸಕ್ಕೆ "ಲಾಭ" ಎಂದುಬಿಟ್ಟೆ. ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನುವುದು ಅವರಿಗೆ ಗೊತ್ತಿಲ್ಲ. "ಯಾವುದರಿಂದ ಲಾಭ, ಶಾಂತರಾಜು?" ಎಂದು ಬರೆದುಕೊಳ್ಳುವುದಕ್ಕೆ ಹೋದರು. ನನ್ನ ಜೊತೆಯ ವಾಚರ್ ಮಾದೇವ ಬೇಲಿಯ ಆಚೆಯಿಂದ, "ಏನ್ಲಾ, ರಾಗಿ ಅಂಗ್ಡಿ ತೆಗ್ದುಬುಟ್ಟಾ? ನಂಗೂ ಎರಡು ಸೇರು ಅಳೀಲಾ" ಎಂದು ಕೂಗಿದ. ಮೇಡಮ್ಮಿಗೂ ನಗು ಬಂತು.

ನನ್ನದು ನಾನು ಹಾಕಿದ್ದೇನೆ. ನಿನ್ನ ಮನಸ್ಸೂ ನನಗೆ ಗೊತ್ತಾಯಿತು. ಹೇಗೆ ಎಂದು ಕೇಳಬೇಡ. ಇನ್ನು ಈ ವಿಷಯದಲ್ಲಿ ನಿನ್ನನ್ನು ನೋಯಿಸುವುದಿಲ್ಲ. ಮುಂದಿನದು ನಾನು ನೋಡಿಕೊಳ್ಳುತ್ತೇನೆ.

ಶಾಂತರಾಜು


ಕುದೇರು
5-4-1998

ಭಾನು ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಗೊತ್ತಾಯಿತು ಎಂದಿರಿ, ಏನು ಗೊತ್ತಾಯಿತು ಎಂದು ಬರೆಯಲಿಲ್ಲ. ಭಯವಾಗಿತ್ತು. ಈಗ ಇಲ್ಲ.

ನಿನ್ನೆ ಭಾನುವನ್ನು ಕರೆದುಕೊಂಡು ಚಾಮರಾಜನಗರಕ್ಕೆ ಹೋಗಿದ್ದೆ. ತಿಂಗಳಿಗೊಂದು ಸಲ ಅಲ್ಲಿ ಇಂಥ ಮಕ್ಕಳನ್ನು ನೋಡುತ್ತಾರೆ. ರಂಜಿನಿ ಮೇಡಂ ಸಿಕ್ಕಿದರು. "ಈಗ ಇಬ್ಬರದ್ದೂ ಮುಗೀತಲ್ಲ, ಹೇಳಿದರೆ ತಪ್ಪಿಲ್ಲ. ಮಗು ಕಲಿಯುತ್ತೆ ಅನ್ನೋ ಲೋಟ ಇತ್ತಲ್ಲ, ನಿಮ್ಮೆಜಮಾನರು ಅದನ್ನ ತುಂಬಿಸಿದ್ದೇ ತುಂಬಿಸಿದ್ದು, ಚಾಪೆ ಮೇಲೆಲ್ಲಾ ರಾಗಿ ಚೆಲ್ಲಿತು" ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತುಕೊಂಡೆ.

ನಿಮಗೆ ಅಷ್ಟು ನಂಬಿಕೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಹಾಸ್ಟೆಲ್ ಮಾತನ್ನು ನನ್ನ ಮನಸ್ಸು ತಿಳಿಯುವುದಕ್ಕೆ ಬರೆದಿರಿ ಎಂದು ಈಗ ಅರ್ಥವಾಯಿತು.

ಬರುವಾಗ ನಮ್ಮೂರ ಸ್ಕೂಲಿಗೆ ಹೋಗಿ ಮೇಷ್ಟರನ್ನು ಕೇಳಿದೆ. ಜೂನ್‌ನಿಂದ ಭಾನುವನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿ, ನಾನು ಬಾಗಿಲಲ್ಲಿ ಇರುತ್ತೇನೆ ಎಂದೆ. "ಕೂರ್ಲಿ ಕಣಮ್ಮ, ಎದ್ದೋದ್ರೆ ನೀನೇ ಇಡ್ಕೋಬೇಕು" ಎಂದರು. ನೀಲಿ ಲಂಗಕ್ಕೆ ಬಟ್ಟೆ ತಂದಿದ್ದೇನೆ. ಹೊಸ ಬಟ್ಟೆ ಅವಳಿಗೆ ಚುಚ್ಚುತ್ತದೆ, ಅದಕ್ಕೆ ಈಗಿನಿಂದಲೇ ಒಗೆದು ಒಗೆದು ಮೆತ್ತಗೆ ಮಾಡುತ್ತಿದ್ದೇನೆ.

ಗುರುಮಲ್ಲಮ್ಮ


ಬಂಡೀಪುರ
14-4-1998

ಗುರುಮಲ್ಲಿಗೆ,

ನಿನ್ನ ಕಾಗದ ನೋಡಿದೆ.

ಹಾಸ್ಟೆಲಿಗೆ ಒಪ್ಪಿಗೆ ಬರೆದು ಆಗಲೇ ಕಳಿಸಿದ್ದೇನೆ. ತಂದೆ ತಾಯಿ ಇಬ್ಬರ ಮನಸ್ಸೂ ಒಂದೇ ಎಂದು ಬರೆದಿದ್ದೇನೆ. ಜೂನ್ ಒಂದನೇ ತಾರೀಖು ಕರೆದುಕೊಂಡು ಹೋಗಬೇಕು.

ಯಾಕೆ ಹಾಗೆ ಬರೆದೆ ಎಂದು ಹೇಳುತ್ತೇನೆ. ಮೇಡಂ ಬಂದ ದಿನ ಗಾಳಿಗೆ ಅವರ ಕಾಗದದ ಪಟ್ಟಿಗಳು ಹಾರಿದವು. ಆರಿಸಿ ಕೊಡುವಾಗ ನಿನ್ನ ಹೆಸರಿನದು ಒಂದು ಕೈಗೆ ಬಂತು. 'ಮಗು ಕಲಿಯುತ್ತದೆ' ಎಂದು ಮೇಲೆ ಬರೆದಿತ್ತು. ಗೆರೆ ತಳದಿಂದ ಒಂದು ಬೆರಳು ಅಗಲಕ್ಕೆ ಇತ್ತು. ಬೆರಳಿಟ್ಟು ನೋಡಿದೆ. ಅಷ್ಟೇ.

ಮನೆಯಲ್ಲಿ ನೀನು ಬಾಯಿ ಬಿಡದೆ ಇದ್ದದ್ದು ಇದಕ್ಕೇ ಎಂದುಕೊಂಡೆ. ದಿನಾ ಅವಳ ಹಿಂದೆ ಓಡುವವಳು ನೀನು. ನಿನಗೇ ನಂಬಿಕೆ ಇಲ್ಲದ ಮೇಲೆ ನಾನು ದೂರದಲ್ಲಿ ಕುಳಿತು ಏನು ಹೇಳಲಿ. ಕಳಿಸೋಣ ಎಂದು ಹೇಳುವುದಕ್ಕೆ ತಾಯಿಗೆ ಬಾಯಿ ಬರುವುದಿಲ್ಲ, ಆ ಭಾರ ನಾನೇ ಹೊರೋಣ ಎಂದು ಬರೆದು ಹಾಕಿದೆ.

ಈಗ ನೀನು ಲಂಗದ ಬಟ್ಟೆ ಒಗೆಯುತ್ತಿದ್ದೇನೆ ಎನ್ನುತ್ತೀಯ. ಯಾವುದನ್ನು ನಂಬಲಿ?

ಶಾಂತರಾಜು


ಕುದೇರು
19-4-1998

ಭಾನು ಅಪ್ಪನವರಿಗೆ,

ನನ್ನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಎಲ್ಲ ಲೋಟಕ್ಕೂ ನಾನು ಅಷ್ಟೇ ಹಾಕಿದ್ದೆ. ನೀವು ನೋಡಿದ್ದು ಒಂದು ಪಟ್ಟಿ. ಉಳಿದವನ್ನೂ ನೋಡಿದ್ದರೆ ಎಲ್ಲದರಲ್ಲೂ ಅದೇ ಒಂದು ಬೆರಳು ಇರುತ್ತಿತ್ತು. ನಿಮ್ಮ ಮನೆಗೆ ಬಂದ ದಿನ ಅತ್ತೆ ನನಗೆ ಮೊದಲು ಹೇಳಿಕೊಟ್ಟದ್ದೇ ಅದು, ರಾಗಿಯ ಪಾತ್ರೆಯನ್ನು ಯಾವತ್ತೂ ತಳ ಕಾಣುವ ಹಾಗೆ ಬಿಡಬಾರದು, ಕೊನೆಗೆ ಒಂದು ಹಿಡಿಯಾದರೂ ಇರಬೇಕು. ಖಾಲಿ ಬಿಡಿ ಎಂದು ಮೇಡಂ ಹೇಳಿದರೆ ಕೈ ಬರುತ್ತದೆಯೇ? ಅದಕ್ಕೆ ಮೊದಲು ಎಲ್ಲದಕ್ಕೂ ಒಂದೊಂದು ಹಿಡಿ ಹಾಕಿಬಿಟ್ಟೆ.

ಆಮೇಲೆ ಭಾನು ಕಲಿಯುತ್ತಾಳೆಯೇ ಎಂದು ಕೇಳಿದರು. ಅದಕ್ಕೆ ಇನ್ನೂ ಹಾಕುವುದಕ್ಕೆ ಹೋದೆ. ಅತ್ತೆ ಬಾಗಿಲಲ್ಲೇ ಕುಳಿತಿದ್ದರು. "ಮಗೀನ ಒಳ್ಳೇದ ಊರೋರ ಮುಂದ ಅಳ್ದು ತೋರ್ಸ್ಬ್ಯಾಡ ಕಣಮ್ಮಿ, ಅಷ್ಟಕ್ಕೇ ಬುಡು" ಎಂದು ಮೆಲ್ಲಗೆ ಅಂದರು. ಕೈ ಹಿಂದೆ ತೆಗೆದುಕೊಂಡೆ. ಅತ್ತೆಯ ಮಾತಿಗೆ ಮಾತ್ರ ಅಲ್ಲ. ನನಗೂ ಹಾಗೇ ಅನಿಸಿತ್ತು. ಹೇಳಿದರೆ ಅದು ನಿಂತುಹೋಗುತ್ತದೆ ಎಂಬ ಭಯ. ನಿಮಗೆ ಬರೆಯುವ ಕಾಗದಗಳಲ್ಲೂ ಅದಕ್ಕೇ ಎಂದಿನಂತೆ ಇದ್ದಾಳೆ ಎಂದು ಬರೆದು ಮುಗಿಸುತ್ತಿದ್ದೆ.

ಎಂದಿನಂತೆ ಇಲ್ಲ. ಸಂಕ್ರಾಂತಿ ಆದ ಮೇಲೆ ಬಾಯಾರಿದರೆ ನನ್ನ ಸೆರಗು ಹಿಡಿದು ನೀರಿನ ಮಡಕೆಯ ಹತ್ತಿರ ಎಳೆದುಕೊಂಡು ಹೋಗುತ್ತಾಳೆ. ಮೊದಲು ಅಳುತ್ತಿದ್ದಳು ಅಷ್ಟೇ. ಹೆಸರು ಕರೆದರೆ ತಿರುಗುವುದಿಲ್ಲ, ಆದರೆ ಬಾಗಿಲ ಕೀಲು ಆಡಿಸುತ್ತಿದ್ದ ಕೈ ನಿಲ್ಲುತ್ತದೆ. ನೀವು ಬರುವ ಗುಂಡ್ಲುಪೇಟೆ ಕಡೆಯ ಬಸ್ಸಿನ ಹಾರನ್ ಕೇಳಿದರೆ ಒಳಗೆ ಹೋಗಿ, ನೀವು ಬಿಟ್ಟುಹೋದ ಖಾಕಿ ಅಂಗಿಯನ್ನು ತಂದು ಜಗಲಿಯ ಮೇಲೆ ಇಡುತ್ತಾಳೆ. ಬಸ್ಸು ಹೋದ ಮೇಲೆ ತಾನೇ ತೆಗೆದುಕೊಂಡು ಹೋಗಿ ಮೊಳೆಗೆ ಹಾಕುತ್ತಾಳೆ. ಮೂರು ತಿಂಗಳಿಂದ ಆ ಅಂಗಿಯನ್ನು ಒಗೆಯುವುದಕ್ಕೆ ಬಿಟ್ಟಿಲ್ಲ. ಇನ್ನೂ ಹೊಗೆ ವಾಸನೆ ಇದೆ.

ಇವೆಲ್ಲವನ್ನೂ ಬರೆದುಬಿಟ್ಟೆ. ಇನ್ನು ಏನಾಗುತ್ತದೋ ಆಗಲಿ.

ಒಂದು ಲೋಟದ ವಿಷಯ ಬಾಕಿ ಇದೆ. ಮಗು ಹೀಗಿರುವುದು ನನ್ನಿಂದ ಆಯಿತು ಎಂದು ನನಗೆ ಎಷ್ಟು ಅನ್ನಿಸುತ್ತದೆ ಎಂದು ಕೇಳಿದ್ದರು. ಅದರಲ್ಲೂ ಒಂದು ಬೆರಳು ಇತ್ತು. ಅದು ಶಾಸ್ತ್ರಕ್ಕೆ ಹಾಕಿದ್ದಲ್ಲ. ರಾಗಿ ಅಲ್ಲದೆ ಬೇರೆ ಏನು ಕೊಟ್ಟಿದ್ದರೂ ಅಷ್ಟು ಹಾಕುತ್ತಿದ್ದೆ.

ನಿನ್ನೆ ಚಾಮರಾಜನಗರಕ್ಕೆ ಮತ್ತೆ ಹೋಗಿ ಮೇಡಮ್ಮಿಗೆ ಇದನ್ನೆಲ್ಲ ಹೇಳಿದೆ. "ಅಯ್ಯೋ, ನಮ್ಮಜ್ಜೀನೂ ಅಕ್ಕಿ ಡಬ್ಬ ಖಾಲಿ ಬಿಡ್ತಿರ್ಲಿಲ್ಲ. ನೋಡಿ, ನಂಗೆ ಹೊಳೀಲೇ ಇಲ್ಲ" ಎಂದು ತಲೆಗೆ ಕೈ ಇಟ್ಟುಕೊಂಡರು. ಮರಳಲ್ಲಿ ಮತ್ತೆ ಅಳೆಯಬೇಕು ಎಂದರು.

ನೀವು ಯಾಕೆ ತುಂಬಿಸಿದಿರಿ? ತುಂಬಿದ ಲೋಟ ಇಟ್ಟವರು ಒಪ್ಪಿಗೆ ಯಾಕೆ ಬರೆದಿರಿ?

ಗುರುಮಲ್ಲಮ್ಮ


ಬಂಡೀಪುರ
27-4-1998

ಗುರುಮಲ್ಲಿಗೆ,

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಓದಿ ಬೇಜಾರು ಮಾಡಿಕೊಳ್ಳಬೇಡ.

ನಾನು ಎಲ್ಲ ಲೋಟಗಳನ್ನೂ ತುಂಬಿಸಿದೆ. ಬಾಗಿಲಿಗೆ ಬಂದವರಿಗೆ ರಾಗಿ ಅಳೆಯುವಾಗ ಕಡಿಮೆ ಹಾಕಿ ಅಭ್ಯಾಸವಿಲ್ಲ. ಅಪ್ಪ ಸೇರಿನ ಮೇಲೆ ಗೋಪುರ ನಿಲ್ಲುವವರೆಗೆ ಹಾಕುತ್ತಿದ್ದ. ಆಕೆ ಅಷ್ಟು ದೂರದಿಂದ ಬಂದು ಚಾಪೆಯ ಮೇಲೆ ಕುಳಿತಿದ್ದಾರೆ, ಮಾದೇವ ಬೇಲಿ ಹಿಡಿದು ನೋಡುತ್ತಿದ್ದಾನೆ. ಅರ್ಧ ಲೋಟಕ್ಕೆ ಕೈ ನಿಲ್ಲಿಸಲು ನನಗೆ ನಾಚಿಕೆಯಾಯಿತು. ಪ್ರಶ್ನೆ ಏನು ಎನ್ನುವುದು ಆಮೇಲೆ ನೆನಪಾಯಿತು.

ನಿಜ ಕೇಳಿದರೆ 'ಮಗು ಕಲಿಯುತ್ತದೆ' ಎಂಬುದು ಖಾಲಿ ಲೋಟ. ಹಾಸ್ಟೆಲಿನ ಮಾತು ನಿನ್ನನ್ನು ಪರೀಕ್ಷೆ ಮಾಡುವುದಕ್ಕೆ ಬರೆದದ್ದಲ್ಲ. ಅವಳು ಮಾತಾಡುತ್ತಾಳೆ, ಓದುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ. ಮನೆಗೆ ಬಂದಾಗ ನನ್ನ ಮುಖ ನೋಡುವುದಿಲ್ಲ. ನಾನು ಬಂದದ್ದೂ ಹೋದದ್ದೂ ಅವಳಿಗೆ ಒಂದೇ ಎಂದುಕೊಂಡಿದ್ದೆ. ಅಂಗಿಯ ವಿಷಯ ನನಗೆ ಗೊತ್ತಿರಲಿಲ್ಲ.

ನೆನ್ನೆ ಸಂಜೆ ಮಳೆ ಬಂತು. ಕಾಡೆಲ್ಲ ಬೂದಿ ನೆನೆದ ವಾಸನೆ. ಇನ್ನೊಂದು ಮಳೆ ಬಿದ್ದರೆ ರಜೆ ಕೊಡುತ್ತಾರೆ. ಬರುತ್ತೇನೆ. ಹಾಸ್ಟೆಲಿನ ಮಾತನ್ನು ಬಂದ ಮೇಲೆ ಆಡೋಣ. ಅಡುಗೆಮನೆಗೆ ಹೋಗಬೇಡ.

ಶಾಂತರಾಜು


ಬಂಡೀಪುರ
17-5-1998

ಗುರುಮಲ್ಲಿಗೆ,

ನೆನ್ನೆ ಸಾಯಂಕಾಲ ಬಂದು ಡ್ಯೂಟಿಗೆ ಸೇರಿದೆ. ನೀನು ಕಟ್ಟಿಕೊಟ್ಟ ಹುರುಳಿಕಾಳನ್ನು ಮಾದೇವ ಅರ್ಧ ತಿಂದ.

ಬಸ್ಸು ಹೊರಟ ಮೇಲೆ ಮೊನ್ನೆ ಆದದ್ದನ್ನೇ ನೆನೆಯುತ್ತಾ ಬಂದೆ. ಬರೆದರೆ ತಿಳಿಯಾಗುತ್ತದೆ ಎಂದು ಬರೆಯುತ್ತಿದ್ದೇನೆ.

ಪಕ್ಕದ ಮನೆ ಕಟ್ಟುವವರ ಗುಡ್ಡೆಯಿಂದ ನೀನು ಮರಳು ತಂದೆ. ಮೇಡಂ ಇರಲಿಲ್ಲ, ಪಟ್ಟಿ ಇರಲಿಲ್ಲ. ನಮ್ಮ ಸ್ಟೀಲ್ ಲೋಟ ಎರಡು. ಒಂದೇ ಪ್ರಶ್ನೆ, ಭಾನು ಕಲಿಯುತ್ತಾಳೆಯೇ ಎಂದು. ನೀನು ನಿನ್ನದನ್ನು ಕಂಠದವರೆಗೆ ತುಂಬಿಸಿ, ಅಂಗೈಯಲ್ಲಿ ಸವರಿ ಇಟ್ಟೆ. ಅವ್ವ ನೋಡುತ್ತಿದ್ದರೂ ಕೈ ತೆಗೆಯಲಿಲ್ಲ. ನಾನು ನನ್ನ ಲೋಟವನ್ನು ಅದರ ಪಕ್ಕ ಖಾಲಿ ಇಟ್ಟೆ. ನಿನ್ನ ಮುಖ ನೋಡುವುದಕ್ಕೆ ನನಗೆ ಆಗಲಿಲ್ಲ. ಇನ್ನು ಮಾತಾಡಿ ಮುಗಿಸೋಣ ಎಂದು ನಾನು ಗಂಟಲು ಸರಿ ಮಾಡಿಕೊಂಡೆ.

ಆಗ ಭಾನು ಬಾಗಿಲ ಕೀಲು ಬಿಟ್ಟು ಬಂದಳು. ನಮ್ಮ ಕಡೆ ನೋಡಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ನಿನ್ನ ಲೋಟ ಎತ್ತಿ ನನ್ನದಕ್ಕೆ ಸುರಿದಳು. ಬಗ್ಗಿ ಎರಡರ ಒಳಗೂ ನೋಡಿದಳು. ನನ್ನದರಲ್ಲಿ ಜಾಸ್ತಿ ಆಗಿತ್ತು, ಸ್ವಲ್ಪ ವಾಪಸ್ ಸುರಿದಳು. ಮತ್ತೆ ನೋಡಿದಳು. ಚೆಲ್ಲಿದ ಮರಳನ್ನು ಚಿಟಿಕೆಯಲ್ಲಿ ಆರಿಸಿ ಹಾಕಿದಳು. ಸಮ ಆದ ಮೇಲೆ ಎರಡನ್ನೂ ಅಂಟಿಸಿ ಇಟ್ಟು ಮತ್ತೆ ಬಾಗಿಲಿಗೆ ಹೋದಳು.

ಅವ್ವ, "ಗಂಡ ಎಂಡ್ರಿಗೆ ಪಾಲು ಮಾಡ್ಕೊಟ್ಟು ಓದ್ಲು, ಇನ್ನೇನ್ಲಾ ಪಂಚಾಯ್ತಿ?" ಎಂದರು. ನೀನು ನಕ್ಕೆ. ಆಮೇಲೆ ಅಡುಗೆಮನೆಗೆ ಹೋದೆ. ಬೇಕಂತಲೇ ಹೋಗಿದ್ದೆ ಎಂದು ನನಗೆ ಗೊತ್ತು.

ಅವಳು ಯಾವ ಎರಡು ಲೋಟ ಕಂಡರೂ ಹಾಗೇ ಮಾಡುತ್ತಾಳೆ. ದೊಡ್ಡಬೀರಯ್ಯನಿಗೂ ಮಾಡಿದ್ದಳು. ನಮಗೋಸ್ಕರ ಮಾಡಿದಳು ಎಂದು ನಾನು ತಿಳಿದುಕೊಂಡಿಲ್ಲ. ಮೇಡಂ ಇದ್ದಿದ್ದರೂ ಇದಕ್ಕೆ ಗೆರೆ ಎಳೆಯುತ್ತಿರಲಿಲ್ಲ. ಅವಳು ಮಾತಾಡುತ್ತಾಳೆ ಎಂಬ ನಂಬಿಕೆ ನನಗೆ ಈಗಲೂ ಬಂದಿಲ್ಲ, ಅದನ್ನು ನಿನಗೆ ಮುಚ್ಚಿಡುವುದಿಲ್ಲ.

ಆದರೆ ಇವತ್ತು ಬೆಳಿಗ್ಗೆ ಹಾಸ್ಟೆಲಿಗೆ ಕಾಗದ ಹಾಕಿದೆ. ತಂದೆ ತಾಯಿಯ ಮನಸ್ಸು ಒಂದೇ ಎಂದು ಬರೆದದ್ದು ತಪ್ಪು, ನಮ್ಮ ಮಗುವಿನ ಜಾಗವನ್ನು ಬೇರೆಯವರಿಗೆ ಕೊಡಿ ಎಂದು ಬರೆದಿದ್ದೇನೆ. ಜೂನ್ ಒಂದನೇ ತಾರೀಖು ನೀನು ಅವಳನ್ನು ನಮ್ಮೂರ ಸ್ಕೂಲಿಗೇ ಕರೆದುಕೊಂಡು ಹೋಗು. ಎದ್ದು ಓಡಿದರೆ ಹಿಡಿಯುವುದಕ್ಕೆ ಮೊದಲನೆಯ ವಾರ ನಾನೂ ಬಾಗಿಲಲ್ಲಿ ಇರುತ್ತೇನೆ. ರಜೆ ಕೇಳಿದ್ದೇನೆ.

ಮೇಡಂ ಮತ್ತೆ ಬಂದರೆ ನನ್ನ ಲೋಟದಲ್ಲಿ ಅರ್ಧ ಇದೆ ಎಂದು ಬರೆದುಕೊಳ್ಳುವುದಕ್ಕೆ ಹೇಳು. ಅದು ನಾನು ಹಾಕಿದ್ದಲ್ಲ ಎಂದೂ ಹೇಳು.

ಶಾಂತರಾಜು